ಮೂರನೆಯ ಬುರುಜಿನ ಕಲ್ಲು

ನಮ್ಮ ಮನೆತನಕ್ಕೆ ಹೇಳಿಕೊಳ್ಳುವಂಥ ಆಸ್ತಿಯೆಂದರೆ ಒಂದು ಸಾವು. ದೇವನಹಳ್ಳಿ ಕೋಟೆ ಕಾಯುತ್ತ ನಮ್ಮ ಮೂಲಪುರುಷನೊಬ್ಬ ಮಡಿದನಂತೆ. ಮೂರನೆಯ ಬುರುಜಿನ ಬುಡದಲ್ಲಿ ಅವನ ವೀರಗಲ್ಲು. ಮನೆಯ ಹಿರಿಯನಾದವನು ಮುಂದಿನ ಹಿರಿಯನನ್ನು ಜೀವಮಾನದಲ್ಲಿ ಒಮ್ಮೆ ಅಲ್ಲಿಗೆ ಕರೆದೊಯ್ದು, ಬೆರಳು ಮಾಡಿ ತೋರಿಸಿ, ಎಡೆ ಇಡಿಸಬೇಕು. ದೊಡ್ಡಪ್ಪ ಮಗನಿಗೆ ತೋರಿಸುವುದನ್ನು ಮುಂದೂಡುತ್ತ ಬಂದರು. ಮಗ ಮುಂದೂಡದೆ ಜ್ವರದಲ್ಲಿ ತೀರಿಕೊಂಡ. ದೊಡ್ಡಪ್ಪನ ಕಣ್ಣಿಗೆ ಪೊರೆ ಕವಿಯತೊಡಗಿದಾಗ, ತಮ್ಮನ ಮಗನಾದ ನನಗೆ ಬಡ್ತಿ ಸಿಕ್ಕಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪಕ್ಷಮಾಸದ ಒಂದು ಬೆಳಿಗ್ಗೆ ಹೊಸಕೋಟೆಯಲ್ಲಿ ಬಸ್ಸು ಹತ್ತಿದೆವು. ಎಡೆಯ ಗಂಟು ನನ್ನ ತೊಡೆಯ ಮೇಲಿತ್ತು. ಊರಿನ ಹಳೆಯ ಕೋಟೆಯ ಅಳಿದುಳಿದ ಗೋಡೆ ಹಿಂದೆ ಸರಿಯುವಾಗ ದೊಡ್ಡಪ್ಪ ಹೆಮ್ಮೆಯಿಂದ ಹೇಳಿದರು:

“ನಮ್ಮನೆ ಬಾಗಿಲ ಮುಂದಿನ ಮೆಟ್ಟಿಲು ಇಲ್ಲಿಂದ್ಲೇ ಕಣೋ ತಂದಿದ್ದು. ನಾನೇ ಗಾಡಿ ಹೊಡ್ಕೊಂಡು ಬಂದಿದ್ದೆ. ಬಿದ್ದೋದ ಕೋಟೆ, ಯಾರು ಕೇಳ್ತಾರೆ?”

ದೇವನಹಳ್ಳಿಯಲ್ಲಿ ಹೆಬ್ಬಾಗಿಲಿನಿಂದ ಗೋಡೆ ಸವರುತ್ತ ಬುರುಜು ಎಣಿಸಿದರು. ಮೂರನೆಯದರ ಬುಡದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ದತ್ತೂರಿ ಗಿಡ. ಎಣಿಕೆ ತಪ್ಪಿತೆಂದು ಹೆಬ್ಬಾಗಿಲಿಗೆ ಮರಳಿ ಇನ್ನೆರಡು ಸಲ ಎಣಿಸಿದರು. ಮೂರು ಸಲವೂ ಗುಂಡಿ ಅಲ್ಲೇ ಇತ್ತು.

ಪಕ್ಕದ ಮನೆಯ ಹಿತ್ತಲಿನಲ್ಲಿ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಅಂಚಿನಲ್ಲಿ ಕೆತ್ತಿದ ಕುದುರೆಯ ಕಾಲುಗಳು ನನಗೆ ಕಂಡವು. ಹೇಳದೆ ಇರಬಹುದಿತ್ತು. ಹೇಳಿದೆ.

ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ತಡವಿದರು. ಕುದುರೆಗೆ ಕಾಲಿತ್ತು, ವೀರನಿಗೆ ಒಂದು ಮೊಣಕಾಲಿತ್ತು. ಮಿಕ್ಕದ್ದು ನುಣ್ಣಗಾಗಿತ್ತು.

“ಯಾರು ತಂದಿದ್ದವ್ವಾ ಇದನ್ನ?”

“ನಮ್ಮತ್ತೆ ಕಾಲದ್ದು ತಾತ. ಬಿದ್ದಿತ್ತಂತೆ, ತಂದಾಕಿದ್ರು. ಮೊದ್ಲು ಉಬ್ಬುತಗ್ಗು ಇತ್ತು, ಕೊಳೆ ಚೆನ್ನಾಗಿ ಬಿಡೋದು. ಈಗ ಸವೆದೋಗೈತೆ.”

ಈಗ ಬೈಗುಳ ಬರುತ್ತದೆಂದು ನಾನು ಕಾದೆ; ಆ ವಿದ್ಯೆಯಲ್ಲಿ ಹೋಬಳಿಗೇ ಹೆಸರಾದವರು ಅವರು.

“ಒಸಿ ಹೊತ್ತು ಬಟ್ಟೆ ತೆಗೀತೀಯೇನವ್ವಾ? ಎಡೆ ಇಡ್ಬೇಕು.”

ಆಕೆ ಸೀರೆ ಎತ್ತಿಕೊಂಡಳು, ಸೋಪಿನ ನೊರೆಯ ಮೇಲೆ ಒಂದು ಚೆಂಬು ನೀರು ಹುಯ್ದಳು. ದೊಡ್ಡಪ್ಪ ಶಾಸ್ತ್ರೋಕ್ತವಾಗಿ ಬೆರಳು ಮಾಡಿ ನನಗೆ ತೋರಿಸಿದರು. ಬೆರಳು ಕಲ್ಲಿಗಿಂತ ಒಂದು ಮೊಳ ಪಕ್ಕಕ್ಕಿತ್ತು. ನಾನು ತಿದ್ದಲಿಲ್ಲ.

ಸಂಜೆ ಮನೆಗೆ ಬಂದಾಗ ಬಾಗಿಲ ಮುಂದೆ ನಿಂತುಬಿಟ್ಟರು. ಆಮೇಲೆ ಪಂಚೆ ಎತ್ತಿಕೊಂಡು, ಮೆಟ್ಟಿಲು ತುಳಿಯದೆ ನೇರವಾಗಿ ಹೊಸಿಲ ಮೇಲೆ ಕಾಲಿಟ್ಟರು. “ಯಾಕೆ?” ಎಂದು ದೊಡ್ಡಮ್ಮ ಕೇಳಿದ್ದಕ್ಕೆ, “ಅದ್ರ ಅಡಿ ಮಗ್ಗುಲಲ್ಲಿ ಏನು ಕೆತ್ತೈತೋ ನೋಡ್ದೋರು ಯಾರು?” ಎಂದರು. ಅಂದಿನಿಂದ ದಿನವೂ ಹಾಗೆಯೇ ದಾಟಿದರು. ಮುಂದಿನ ಮಳೆಗಾಲದಲ್ಲಿ ಹಾಗೆ ದಾಟುವಾಗ ಜಾರಿ ಬಿದ್ದು ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ.

ಈಗ ಹಿರಿಯ ನಾನು. ಆ ಮೆಟ್ಟಿಲನ್ನು ಮಗುಚಿ ನೋಡಲು ನಾಲ್ಕು ಆಳು, ಎರಡು ಹಾರೆ ಸಾಕು. ನೋಡಿಲ್ಲ. ತುಳಿದುಕೊಂಡೇ ಓಡಾಡುತ್ತೇನೆ.