ಶುಕ್ರವಾರ ಲಕ್ಷ್ಮಿಯನ್ನು ಆಚೆ ಕಳಿಸಬಾರದು

ದೊಡ್ಡ ಕಂಪನಿಗಳು ಸಾಲ ತೀರಿಸುತ್ತವೆ ಎಂದು ಜನ ನಂಬಿದ್ದಾರೆ. ತೀರಿಸುವುದಿಲ್ಲ, ಮಗುಚಿ ಹಾಕುತ್ತವೆ. ಹೊಸ ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ಸಾಲ ತಂದು ಹಳೆಯ ಬ್ಯಾಂಕಿನ ದುಬಾರಿ ಸಾಲ ಮುಚ್ಚುವುದು, ಹಾಗೆಯೇ ವಾಯಿದೆಯನ್ನು ಇನ್ನೊಂದಷ್ಟು ವರ್ಷ ಮುಂದಕ್ಕೆ ತಳ್ಳುವುದು. ಯಲಹಂಕದ ನಮ್ಮ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದೇ ಈ ಕೆಲಸಕ್ಕೆ. ಅಕ್ಕನಿಗೆ ಒಮ್ಮೆ ವಿವರಿಸುವಾಗ, ದೋಸೆ ಮಗುಚಿದ ಹಾಗೆ, ಅದೇ ಹಿಟ್ಟು, ಅದೇ ಹೆಂಚು ಎಂದಿದ್ದೆ. "ಸರಿ ಬಿಡು, ಬೇಯೋದು ಮಾತ್ರ ನಾವು" ಎಂದು ಅವಳು ಫೋನಿಟ್ಟಳು.

ಅವಳು ಹಾಗೆ ಹೇಳಲು ಕಾರಣವಿತ್ತು. ಟಿ. ದಾಸರಹಳ್ಳಿಯ ಬಾಡಿಗೆ ಶೆಡ್ಡಿನಲ್ಲಿ ಅಕ್ಕ ಪೌಡರ್ ಕೋಟಿಂಗ್ ಮಾಡುತ್ತಿದ್ದಳು. ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಸಿಂಪಡಿಸಿ ಆಳೆತ್ತರದ ಓವನ್ನಿನಲ್ಲಿ ಬೇಯಿಸುವ ಕೆಲಸ. ನಮ್ಮ ಕಂಪನಿ ಗೋದಾಮುಗಳಿಗೆ ರ‍್ಯಾಕ್ ಮಾಡುತ್ತದೆ. ಅವಳ ಬಳಿ ಬರುತ್ತಿದ್ದುದು ಹೆಚ್ಚುಕಡಿಮೆ ಎಲ್ಲವೂ ನಮ್ಮ ರ‍್ಯಾಕುಗಳೇ. ಒಡಹುಟ್ಟಿದವಳ ಬಿಲ್ಲು ನನ್ನ ಮೇಜಿಗೆ ಬರಬಾರದೆಂದು ಕೆಲಸಕ್ಕೆ ಸೇರಿದಾಗಲೇ ನಾನು ಬರೆದುಕೊಟ್ಟಿದ್ದೆ. ಹಾಗಾಗಿ ಕೋಟಿಗಳನ್ನು ಆ ಬ್ಯಾಂಕಿನಿಂದ ಈ ಬ್ಯಾಂಕಿಗೆ ಓಡಾಡಿಸುವ ನಾನು, ಅಕ್ಕನ ಬಿಲ್ಲಿನ ವಿಷಯದಲ್ಲಿ ಬೆರಳೂ ಅಲ್ಲಾಡಿಸುವ ಹಾಗಿರಲಿಲ್ಲ.

ಆ ವರ್ಷ ನಾವು ಕಾರ್ಖಾನೆ ಕಟ್ಟಲು ತಂದಿದ್ದ ದೊಡ್ಡ ಸಾಲವನ್ನು ಮಗುಚಲು ಹೊರಟೆವು. ಹೊಸ ಬ್ಯಾಂಕು ಸುಮ್ಮನೆ ಕೊಡುತ್ತದೆಯೇ? ಮೊದಲು ನಿಮ್ಮ ಖಾತೆಯಲ್ಲಿ ನಗದು ಎಷ್ಟಿದೆ ತೋರಿಸಿ ಎನ್ನುತ್ತದೆ. ನಗದು ತುಂಬಿದಂತೆ ಕಾಣಲು ಎಲ್ಲ ಕಂಪನಿಗಳಿಗೂ ಗೊತ್ತಿರುವ ಸುಲಭದ ಉಪಾಯ ಒಂದಿದೆ. ಕೊಡಬೇಕಾದವರಿಗೆ ಕೊಡದೇ ಇರುವುದು. ಸಣ್ಣವರ ಬಿಲ್ಲನ್ನು ಇಷ್ಟು ದಿನದೊಳಗೆ ಪಾವತಿಸಲೇಬೇಕೆಂದು ಕಾನೂನೇನೋ ಇದೆ. ಅಕ್ಕ ದೂರು ಕೊಡಬಹುದಿತ್ತು. ಕೊಟ್ಟ ಮಾರನೆಯ ದಿನದಿಂದ ರ‍್ಯಾಕುಗಳು ಬೇರೆ ಶೆಡ್ಡಿಗೆ ಹೋಗುತ್ತಿದ್ದವು, ಅಷ್ಟೇ.

ತಿಂಗಳುಗಟ್ಟಲೆ ಅವಳಿಗೆ ನಾನು ಹೇಳಿದ್ದು ಒಂದೇ ಮಾತು. "ಆ ಹೊಸ ಸಾಲ ಒಂದು ಬರ್ಲಿ ಅಕ್ಕ. ಹಳೇದು ಮುಚ್ಚಿದ ದಿನಾನೇ ತಡೆದಿಟ್ಟಿರೋ ಬಿಲ್ಲೆಲ್ಲ ಬಿಡ್ತಾರೆ." ನನ್ನ ಕೈಯಲ್ಲಿದ್ದುದನ್ನು ಎರಡು ಸಲ ಕೊಟ್ಟಿದ್ದೆ. ಮತ್ತೆ ಕೊಡಹೋದಾಗ ಅವಳೇ ಬೇಡವೆಂದಳು. ಪುಡಿ ಮಾರುವವನು ಉದ್ರಿ ನಿಲ್ಲಿಸಿದ, ಶೆಡ್ಡಿನ ಮಾಲೀಕ ಬೀಗ ಹಾಕುತ್ತೇನೆಂದ. ಕೊನೆಗೆ ಪೀಣ್ಯದವನೊಬ್ಬ ಓವನ್ ಕೊಳ್ಳುತ್ತೇನೆಂದು ಕೇಳಿಕೊಂಡು ಬಂದ.

"ಶನಿವಾರ ಬೆಳಿಗ್ಗೆ ಟೆಂಪೋ ತರ್ತಾನಂತೆ. ಶುಕ್ರವಾರದೊಳಗೆ ನಿಮ್ಮವರ ದುಡ್ಡು ಬಂದ್ರೆ ಬೇಡಪ್ಪಾ ಅಂತೀನಿ. ಬರುತ್ತೆ ತಾನೇ?"

"ಗುರುವಾರವೇ ಬರುತ್ತೆ" ಎಂದೆ.

ಹಳೆಯ ಸಾಲ ಮುಚ್ಚುವುದು ಗುರುವಾರ ಎಂದು ನಿಗದಿ ಮಾಡಿದವಳು ನಾನೇ. ನಮ್ಮ ಕಂಪನಿಯಲ್ಲಿ ಶುಕ್ರವಾರ ದುಡ್ಡು ಹೊರಗೆ ಹೋಗುವುದಿಲ್ಲ. ಸಂಬಳದ ದಿನ ಶುಕ್ರವಾರ ಬಿದ್ದರೆ ಗುರುವಾರವೇ ಸಂಬಳ. ಬಡ್ಡಿಯ ಕಂತೂ ಅಷ್ಟೇ. ಕಂಪನಿ ಕಟ್ಟಿದ ಹಿರಿಯರನ್ನು ನಾವೆಲ್ಲ ದೊಡ್ಡ ಯಜಮಾನರು ಎನ್ನುತ್ತೇವೆ. ಅಲ್ಲಾಳಸಂದ್ರದ ಕಡೆಯ ಹಳೆಯ ಒಕ್ಕಲುಮನೆಯವರು. ಈಗಲೂ ದೊಡ್ಡ ಮೊತ್ತ ಹೋಗಬೇಕಾದರೆ ಕೊನೆಯ ಒಪ್ಪಿಗೆ ಅವರದೇ. ಇದೆಲ್ಲ ನಮಗೆ ಊಟ, ತಿಂಡಿಯಷ್ಟು ಮಾಮೂಲು. ಮುಂಬೈಯಲ್ಲಿ ಕೂತಿದ್ದ ಹೊಸ ಬ್ಯಾಂಕಿನ ವಕೀಲನಿಗೆ ಏನು ಗೊತ್ತು?

ಆ ಮಹರಾಯ ಗುರುವಾರ ಬೆಳಿಗ್ಗೆ, ಕಾಗದಪತ್ರಗಳ ಒಂದು ಪುಟದಲ್ಲಿ ಕಂಪನಿಯ ಸೀಲು ಅರ್ಧ ಮಾತ್ರ ಮೂಡಿದೆ ಎಂದು ತಗಾದೆ ತೆಗೆದ. ಸೀಲು ಒತ್ತಿ ಕಳಿಸಿದೆವು. ಈಗ ಸಹಿಯ ಮೇಲೆ ಬಿದ್ದಿದೆ ಎಂದ. ಇನ್ನೊಮ್ಮೆ ಒತ್ತಿದೆವು. ಹೊಸ ಸಾಲದ ಹಣ ನಮ್ಮ ಖಾತೆಗೆ ಬಂದು ಬೀಳುವ ಹೊತ್ತಿಗೆ ಸಂಜೆಯಾಗಿ ಹಳೆಯ ಬ್ಯಾಂಕಿನವರು ಮನೆಗೆ ಹೋಗಿದ್ದರು. ಅರ್ಧ ಸೀಲಿಗೆ ಒಂದು ದಿನ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ಬೆಳಿಗ್ಗೆಯೇ ದೊಡ್ಡ ಯಜಮಾನರ ಕೋಣೆಗೆ ಹೋದೆ. ಹಣೆಗೆ ವಿಭೂತಿ ಇಟ್ಟುಕೊಂಡು ಕೂತಿದ್ದರು. ಕಾಫಿ ತರಿಸಿದರು. ಒಳ್ಳೆಯ ಮನುಷ್ಯರೇ, ಅದೇ ಕಷ್ಟ.

"ಇವತ್ತೊಂದ್ ಸಲ ಒಪ್ಪಿಗೆ ಕೊಡಿ ಯಜಮಾನ್ರೇ. ನಾಳೆ ಬ್ಯಾಂಕ್ ರಜ, ನಾಡಿದ್ದು ಭಾನುವಾರ. ಸೋಮವಾರದವರೆಗೂ ಎರಡೂ ಸಾಲಕ್ಕೆ ಬಡ್ಡಿ ಕಟ್ಬೇಕಾಗುತ್ತೆ."

"ಸುಕ್ರವಾರ ಲಕ್ಷ್ಮೀನ ಆಚಿಗ್ ಕಳಿಸ್ತಾರೇನಮ್ಮ? ನಮ್ಮವ್ವ ದೀಪ ಅಚ್ಚಿದ್ಮೇಲೆ ಒಂದ್ ಇಡಿ ಉಪ್ಪೂ ಕೊಡ್ತಿರ್ಲಿಲ್ಲ."

"ಇದು ನಮ್ಮ ದುಡ್ಡಲ್ಲ. ಆ ಬ್ಯಾಂಕಿಂದ ಬಂದು ಈ ಬ್ಯಾಂಕಿಗೆ ಹೋಗೋ ಸಾಲದ ದುಡ್ಡು."

"ರಾತ್ರಿ ನಮ್ಮನೇಲಿ ಮಲಗಿತ್ತೋ ಇಲ್ವೋ?" ಎಂದರು. "ಮಲಗಿದ್ಮೇಲೆ ನಮ್ದೇ. ನಮ್ಮಪ್ಪ ಕೆರೆ ಪಕ್ಕದ್ ಒಲ ಬರ್ಕೊಟ್ಟಿದ್ದು ಒಂದ್ ಸುಕ್ರವಾರ. ಆ ದುಡ್ಡು ಎಂಗ್ ಓಯ್ತು ಅಂತ ಇವತ್ಗೂ ಗೊತ್ತಿಲ್ಲ. ಸೋಮವಾರ ಕೊಟ್ರೆ ಯಾರೂ ಗಲ್ಲಿಗ್ ಆಕಲ್ಲ, ಓಗಮ್ಮ."

ಹೋಗಲಿ, ಆ ದೊಡ್ಡ ಮೊತ್ತ ಬೇಡ, ತಡೆದಿಟ್ಟಿರುವ ಸಣ್ಣವರ ಬಿಲ್ಲುಗಳನ್ನಾದರೂ ಇವತ್ತು ಬಿಡಿ ಎಂದೆ. ಅಕ್ಕನ ಹೆಸರು ಎತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಅವರು ನಕ್ಕು, "ದೊಡ್ಡೋರ್ಗೆ ಇಲ್ಲ ಅಂದ್ಮೇಲೆ ಚಿಕ್ಕೋರ್ಗೆ ಕೊಟ್ರೆ ಲಕ್ಷ್ಮಿ ಒಪ್ತಾಳಾ?" ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಆ ಗೋಡೆಯ ಮೇಲೂ ಲಕ್ಷ್ಮಿಯ ಪಟವೇ ಇತ್ತು.

ಹಣಕಾಸು ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಗೊಣಗಿದೆ. "ವೀಕೆಂಡ್ ಬಡ್ಡಿ ತಾನೇ? ಹೊಸ ಸಾಲದಲ್ಲಿ ಉಳಿಯೋ ದುಡ್ಡಿನ ಮುಂದೆ ಅದು ಜುಜುಬಿ ಕಣ್ರೀ, ತಲೆ ಕೆಡಿಸ್ಕೋಬೇಡಿ" ಎಂದು ಅವರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. ನಾನು ನನ್ನ ಜಾಗಕ್ಕೆ ಬಂದು ಆ ಜುಜುಬಿಯನ್ನು ಲೆಕ್ಕ ಹಾಕಿದೆ. ಎರಡೆರಡು ಸಾಲಕ್ಕೆ ಸೋಮವಾರದವರೆಗೆ ಕಟ್ಟುವ ಹೆಚ್ಚಿನ ಬಡ್ಡಿ, ಅಕ್ಕನಿಗೆ ಕೊಡಬೇಕಿದ್ದ ಅಷ್ಟೂ ತಿಂಗಳ ಬಾಕಿಗಿಂತ ದೊಡ್ಡದಿತ್ತು. ಇನ್ನೊಮ್ಮೆ ಹಾಕಿ ನೋಡಿದೆ. ಅಷ್ಟೇ ಬಂತು. ಲಕ್ಷ್ಮಿ ಎಲ್ಲಿಯೂ ಹೋಗದೆ ಮನೆಯಲ್ಲೇ ಉಳಿದಳು ಎಂದು ಇವರೆಲ್ಲ ನೆಮ್ಮದಿಯಾಗಿದ್ದರು, ಅವಳು ಬಡ್ಡಿಯ ರೂಪದಲ್ಲಿ ಹಿತ್ತಿಲ ಬಾಗಿಲಿಂದ ಸೋರಿಹೋಗುತ್ತಿದ್ದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ. ಇಲ್ಲಿ ಪೂಜಾರಿ ದೇವರ ಹೆಸರು ಹೇಳಿಯೇ ಕೊಡಲಿಲ್ಲ.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ.

"ಬಂತಾ?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

"ಸೋಮವಾರ ಅಂತೆ."

"ಯಾಕಂತೆ?"

"ಇವತ್ತು ಶುಕ್ರವಾರ ಅಂತೆ."

ಹಿಂದೆ ಕಂಪ್ರೆಸರ್ ಸದ್ದು ಕೇಳುತ್ತಿತ್ತು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. "ನಾನೂ ಈಗಷ್ಟೇ ಓಲೆ ಅಡ ಇಟ್ಟು ಕೆಲಸದೋರಿಗೆ ಕೂಲಿ ಕೊಟ್ಟೆ ಕಣೇ" ಎಂದಳು. "ಶುಕ್ರವಾರ ಅನ್ನೋದು ನೆನಪೇ ಬರ್ಲಿಲ್ಲ ನೋಡು."

ಪೀಣ್ಯದವನಿಗೆ ಎರಡು ದಿನ ತಡೆಯಲು ಹೇಳು ಎಂದೆ. ಅವಳು ಆಗಲೇ ಕೇಳಿದ್ದಳಂತೆ. ಬೇರೆ ಕಡೆ ಇನ್ನೊಂದು ಓವನ್ ನೋಡಿದ್ದೇನೆ, ಶನಿವಾರ ತಪ್ಪಿದರೆ ಅದನ್ನೇ ತೆಗೆದುಕೊಳ್ಳುತ್ತೇನೆ ಎಂದನಂತೆ. ಸೋಮವಾರ ದುಡ್ಡು ಬಂದೇ ಬರುತ್ತದೆಂದು ಅವಳು ಹೇಗೆ ನಂಬಬೇಕು? ನನ್ನ ಗುರುವಾರವನ್ನು ನಂಬಿ ಕೂತವಳಲ್ಲವೇ.

ಸೋಮವಾರ ದೊಡ್ಡ ಯಜಮಾನರು ಒಳ್ಳೆಯ ಗಳಿಗೆ ನೋಡಿ ಒಪ್ಪಿಗೆ ಒತ್ತಿದರು. ಹಳೆಯ ಸಾಲ ಮುಚ್ಚಿತು. ತೆಂಗಿನಕಾಯಿ ಒಡೆದರು, ಎಲ್ಲರ ಮೇಜಿಗೂ ಪೇಡಾ ಬಂತು. ಕಂಪನಿಯ ಹೊರೆ ಇಳಿಯಿತು ಎಂದು ಮುಖ್ಯಸ್ಥರು ಭಾಷಣ ಮಾಡಿದರು. ಸಾಲ ಒಂದು ರೂಪಾಯಿಯೂ ಇಳಿದಿರಲಿಲ್ಲ, ಬ್ಯಾಂಕು ಬದಲಾಗಿತ್ತು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದೆ ಏನು ಮಾಡಲಿ?

ಸಂಜೆ ಅಷ್ಟು ಟ್ರಾಫಿಕ್ಕಿನಲ್ಲಿ ಜಾಲಹಳ್ಳಿ ದಾಟಿ ಅಕ್ಕನ ಶೆಡ್ಡಿಗೆ ಹೋದೆ. ಕಂಪ್ರೆಸರ್ ನಿಂತಿತ್ತು. ಬಣ್ಣ ಕಾಣದ ನಮ್ಮ ರ‍್ಯಾಕುಗಳನ್ನು ವಾಪಸ್ ಕಳಿಸಲು ಬಾಗಿಲ ಬಳಿ ಜೋಡಿಸಿಟ್ಟಿದ್ದರು. ಓವನ್ ಇದ್ದ ಕಡೆ ನೆಲ ಮಾತ್ರ ಬೇರೆ ಬಣ್ಣಕ್ಕಿತ್ತು. ಅಕ್ಕ ಅಲ್ಲೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ಏನೋ ಹೇಳಲು ಹೊರಟಾಗ ಅವಳ ಫೋನು ಟಿಣ್ ಎಂದಿತು. ಕನ್ನಡಕ ಹಾಕಿಕೊಂಡು ಓದಿದಳು. ಅಷ್ಟೂ ತಿಂಗಳ ಬಾಕಿ, ಒಂದು ಪೈಸೆ ಕಡಿಮೆಯಿಲ್ಲದೆ ಬಂದಿತ್ತು.

"ನಿಮ್ ಲಕ್ಷ್ಮಿ ಬಂದ್ಲು ಕಣೇ" ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು. "ಕೂರ್ಸೋಕೆ ಈಗ ಬೇಕಾದಷ್ಟು ಜಾಗ ಇದೆ ನೋಡು."