ಗದ್ದ ಎತ್ತಿ ತೋರಿಸಿದ ಜಾಗ

ಮೊನ್ನೆ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಹಳೆಯದೊಂದು ಲಕೋಟೆ ಬಿಚ್ಚಿದೆ. ಒಣಗಿದ ಅಣಬೆಯ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ನಮ್ಮ ಆಚೆಮನೆಯ ಅಕ್ಕನ ನೆನಪು... ಲಕೋಟೆಯ ಮೇಲೆ ಅಣಬೆ ಸಿಕ್ಕಿದ ಜಾಗ, ದಿನ, ಸಂಗ್ರಹಿಸಿದವರು ಎಂದು ನನ್ನ ಹೆಸರು. ಅಕ್ಕನ ಹೆಸರು ಎಲ್ಲಿಯೂ ಇಲ್ಲ. ನಾಚಿಕೆಯಾಗಬೇಕು ನನಗೆ.

ಮುಳ್ಳೇರಿಯದ ಆಚೆ ಗುಡ್ಡದ ಬದಿಯಲ್ಲಿ ನಮ್ಮ ಮನೆ. ನಾನಾಗ ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಕಾಡಿನ ಅಣಬೆಗಳನ್ನು ಹುಡುಕಿ ದಾಖಲಿಸುವ ಕೆಲಸ ಹಚ್ಚಿಕೊಂಡಿದ್ದೆ. ಪುಸ್ತಕ ನನ್ನ ಕೈಯಲ್ಲಿತ್ತು, ಅಣಬೆ ಅಕ್ಕನಿಗೆ ಗೊತ್ತಿತ್ತು. ಗುಡುಗಿನ ಮಳೆ ಬಿದ್ದು ನಾಲ್ಕು ದಿನವಾದರೆ ಬುಟ್ಟಿ ಹಿಡಿದು ಹೊರಡುತ್ತಿದ್ದರು. ಅಣಬೆ ಕಂಡರೆ ಬೆರಳು ತೋರಿಸಬಾರದು, ತೋರಿಸಿದರೆ ಮತ್ತೆ ಏಳುವುದಿಲ್ಲ ಎಂಬ ನಂಬಿಕೆ ಅವರದು. ಗದ್ದ ಎತ್ತಿ ತೋರಿಸುತ್ತಿದ್ದರು. ನಾನು ನಗುತ್ತಿದ್ದೆ. ದೊಡ್ಡ ವಿಜ್ಞಾನಿ ನೋಡಿ!

ಒಂದು ವರ್ಷ ಪಕ್ಕದ ಜಮೀನಿನ ಹಳೆಯ ಹಲಸಿನ ಮರದ ಬುಡಕ್ಕೆ ಕರೆದೊಯ್ದರು. ಅಲ್ಲಿ ದಪ್ಪ ಕಾಲಿನ, ಕಂದು ಟೊಪ್ಪಿಯ ಅಣಬೆಗಳು. ಟೊಪ್ಪಿಯ ಅಡಿಯಲ್ಲಿ ಪದರಗಳ ಬದಲು ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು. ಅಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ.

"ತಿನ್ನು, ಬರಿ, ಎಂತ ಬೇಕಾದರೂ ಮಾಡು. ಜಾಗ ಮಾತ್ರ ಯಾರಿಗೂ ಹೇಳಬೇಡ ಮಾರಾಯ್ತಿ. ಅಮ್ಮ ನನಗೊಬ್ಬಳಿಗೇ ತೋರಿಸಿದ್ದು," ಎಂದರು. ಅವರಿಗೆ ಮಕ್ಕಳಿರಲಿಲ್ಲ. ನಾನು ತಲೆಯಾಡಿಸಿದೆ.

ಜಾಗ ಬರೆಯದ ದಾಖಲೆ ದಾಖಲೆಯೇ ಅಲ್ಲ ಎಂದರು ನಮ್ಮ ಅಧ್ಯಾಪಕರು. ಬರೆದೆ. ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿ, ಫೋಟೋ ಸಮೇತ ಒಂದು ವಾಟ್ಸಾಪ್ ಗುಂಪಿಗೂ ಕಳಿಸಿದೆ. ಅದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ, ಹೊಗಳಿಸಿಕೊಳ್ಳುವ ಚಪಲ. ಆ ಭಾನುವಾರವೇ ಕಾರು, ಬೈಕುಗಳಲ್ಲಿ ಜನ ಬಂದು, ಮೊಗ್ಗನ್ನೂ ಬಿಡದೆ ಮಣ್ಣು ಕೆದಕಿ ಹೋದರು.

ಜಮೀನಿನ ಯಜಮಾನ ಅಕ್ಕನ ಅಂಗಳಕ್ಕೆ ಬಂದು, "ಊರವರನ್ನೆಲ್ಲ ಕರೆದದ್ದು ನೀನೇ ಅಲ್ವಾ?" ಎಂದು ಬೊಬ್ಬೆ ಹಾಕಿದ. ನಾನು ನಮ್ಮ ಜಗಲಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಅಕ್ಕ ನನ್ನ ಕಡೆ ಒಮ್ಮೆ ನೋಡಿ, "ಹೌದು, ನಾನೇ," ಎಂದರು.

ಮರ ಇದ್ದರೆ ತಾನೇ ಜನ ಬರುವುದು ಎಂದು ಅವನು ಹಲಸನ್ನು ಕಡಿಸಿ, ರಬ್ಬರ್ ನೆಟ್ಟು, ಬೇಲಿ ಹಾಕಿಸಿದ.

ಮರುವರ್ಷ ಮಳೆ ಹಿಡಿದಾಗ ಕ್ಷಮೆ ಕೇಳಬೇಕೆಂದೇ ಹೋದೆ. ಅಕ್ಕ ಪ್ಯಾಕೆಟಿನ ಅಣಬೆ ಹೆಚ್ಚುತ್ತಿದ್ದರು. "ಬರ್ಕೋ, ಇದು ಮುಳ್ಳೇರಿಯದ ಅಂಗಡಿಯಲ್ಲಿ ಸಿಕ್ಕಿದ್ದು," ಎಂದರು. ಅಷ್ಟೇ... ನಾನು ಅವರು ಕೊಟ್ಟ ಚಾ ಕುಡಿದು ಎದ್ದು ಬಂದೆ.

ಅಕ್ಕ ತೀರಿಹೋಗಿ ಮೂರು ಮಳೆಗಾಲ ಕಳೆಯಿತು. ಕೇಳಬೇಕಾದ ಕ್ಷಮೆ ಕೇಳಲೇ ಇಲ್ಲ. ಈಗ ನಾನೇ ಪಾಠ ಮಾಡುವವಳು. ಈ ವಾರ ತರಗತಿ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಖುಷಿಯಿಂದ ಬಂದು, "ಮೇಡಂ, ನಮ್ಮ ಅಜ್ಜಿಗೆ ಅಣಬೆಯ ಒಂದು ಜಾಗ ಗೊತ್ತುಂಟು. ಯಾರಿಗೂ ತೋರಿಸುವುದಿಲ್ಲ. ನೀವು ಬಂದರೆ ತೋರಿಸ್ತಾರಂತೆ," ಎಂದಳು.

"ನನಗೆ ತೋರಿಸುವುದು ಬೇಡ ಅಂತ ಅಜ್ಜಿಗೆ ಹೇಳು," ಎಂದೆ.