ಮೂರನೇ ಸಾಲಿನಲ್ಲಿ ಕೂತ ಲೈನ್‌ಮನ್

2023ರಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಸರ್ಕಾರಿ ಪದವಿ ಕಾಲೇಜಿಗೆ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಸೇರಿದೆ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಓಡಾಡಿದವನು ಎಂದು ತಿಳಿದ ಪ್ರಾಂಶುಪಾಲರು ಚರ್ಚಾಕೂಟವನ್ನೂ ನನಗೇ ಒಪ್ಪಿಸಿದರು. ಸಂತೋಷದಿಂದಲೇ ಒಪ್ಪಿಕೊಂಡೆ. ಯಾರು ಏನೇ ಹೇಳಿದರೂ "ಹೌದೇ?" ಎಂದು ಕೇಳುವ ನನ್ನ ಚಾಳಿಗೆ ಸಂಬಳ ಸಿಗುವ ಜಾಗ ಅದೊಂದೇ ಆಗಿತ್ತು.

ಆ ವರ್ಷ ಕೊಟ್ಟೂರಿನಲ್ಲಿ ಅಂತರಕಾಲೇಜು ಸ್ಪರ್ಧೆ ನಡೆಯಿತು. ವಿಷಯ: ಸರ್ಕಾರಿ ಕಾಲೇಜುಗಳ ಬೋಧನಾ ಶುಲ್ಕವನ್ನು ಎಲ್ಲರಿಗೂ ತೆರಿಗೆ ಹಣದಿಂದಲೇ ಭರಿಸಬೇಕೆ? ಇಂಥ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮಾತನಾಡುವವರು ಅದನ್ನು ನಂಬಿರಬೇಕೆಂದೇನೂ ಇಲ್ಲ. ನಮ್ಮ ಹುಲಿಗೆಮ್ಮಳಿಗೆ ಬಂದದ್ದು ವಿರೋಧ.

ಹುಲಿಗೆಮ್ಮ ತಂಬ್ರಹಳ್ಳಿಯ ಹುಡುಗಿ, ಬಿ.ಎ. ಎರಡನೇ ವರ್ಷ. ಕಾನಹೊಸಹಳ್ಳಿಯಲ್ಲಿ ಸೋದರಮಾವ ಕೊಟ್ರೇಶಪ್ಪನವರ ಮನೆಯಲ್ಲಿದ್ದು ಓದುತ್ತಿದ್ದಳು. ಅವರು ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್.

"ಸರ್, ಸರ್ಕಾರಿ ಕಾಲೇಜಿನ್ಯಾಗ ಫೀ ಇಲ್ದ ಓದಾಕಿ ನಾನು. ಫೀ ಇರಬೇಕು ಅಂತ ಯಾವ ಬಾಯಿಲೆ ಹೇಳ್ಲಿರಿ?" ಎಂದಳು.

"ಅದೇ ನಿನ್ನ ಬಲ" ಎಂದೆ. ಅಂಶಗಳನ್ನು ಕೂತು ಹೇಳಿಕೊಟ್ಟೆ. ಹೇಳಿಕೊಡುವುದು ಕಷ್ಟವಾಗಲಿಲ್ಲ, ಏಕೆಂದರೆ ಆ ವಾದವನ್ನು ಆಗ ನಾನೇ ನಂಬಿದ್ದೆ. ಕೊಡಲು ಶಕ್ತಿ ಇದ್ದವರು ಕೊಡಬೇಕು, ಇಲ್ಲದವರಿಗೆ ಮಾತ್ರ ಸರ್ಕಾರ ಕೊಡಬೇಕು. ಇದರಲ್ಲಿ ತಪ್ಪೇನಿದೆ?

ವೇದಿಕೆಯ ಮೇಲೆ ಹುಲಿಗೆಮ್ಮ ನಾನು ಹೇಳಿಕೊಟ್ಟದ್ದಕ್ಕಿಂತ ಮುಂದೆ ಹೋದಳು. "ನನ್ನ ಮಾವ ಲೈನ್‌ಮನ್. ನಮ್ಮ ಮನೆಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಕೂಲಿಗೆ ಹೋಗುವ ತಾಯಿ ಸೋಪು ಕೊಂಡರೂ ತೆರಿಗೆ ಕಟ್ಟುತ್ತಾಳೆ. ಆಕೆಯ ತೆರಿಗೆಯಲ್ಲಿ ನಾನೇಕೆ ಓದಬೇಕು? ನಮ್ಮಂಥವರು ಫೀ ಕಟ್ಟಲಿ, ಆ ಹಣ ಆಕೆಯ ಮಗಳ ಹಾಸ್ಟೆಲಿಗೆ ಹೋಗಲಿ!" ಸಭೆ ಚಪ್ಪಾಳೆ ತಟ್ಟಿತು. ಮೊದಲ ಬಹುಮಾನ ನಮಗೇ ಬಂತು. ಆ ಖುಷಿಗೆ ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದೆವು. ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದ ಕೊಟ್ರೇಶಪ್ಪ ಮಾತ್ರ ಏನೂ ತಿನ್ನದೆ ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಅವರು ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು.

"ಹುಲಿಗೆಮ್ಮಂದು ಫೀ ತಗೊಳ್ರಿ."

"ಯಾವ ಫೀ ರಿ ಅಣ್ಣಾರ? ಹೆಣ್ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ, ಸರ್ಕಾರ ಕೊಡತೈತಿ" ಎಂದರು ಗುಮಾಸ್ತರು.

"ನಾನ ಕೊಡ್ತೀನಿ ಅಂದ್ರ ನಿಮಗೇನು ತ್ರಾಸು?"

"ರಸೀದಿ ಹೆಂಗ ಹರೀಲಿ? ಮೀಟರ್ ಇಲ್ಲದ ಮನಿಗೆ ನೀವು ಬಿಲ್ ಕೊಡ್ತೀರೇನು?"

ಕೊಟ್ರೇಶಪ್ಪನವರಿಗೆ ನಗು ಬರಲಿಲ್ಲ. "ಹಂಗಾದ್ರ ಟಿ.ಸಿ. ಕೊಡ್ರಿ. ಫೀ ತಗೊಳ್ಳೋ ಕಾಲೇಜು ಹರಪನಹಳ್ಯಾಗ ಐತಿ."

ಟಿ.ಸಿ. ಎಂದರೆ ಬೇರೆ ಕಾಲೇಜಿಗೆ ಸೇರಲು ಬೇಕಾದ ವರ್ಗಾವಣೆ ಪತ್ರ. ಆ ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರವೇ ಇರಲಿಲ್ಲ. ಹೋದರೆ ಹುಲಿಗೆಮ್ಮ ವಿಷಯ ಬದಲಿಸಿ ಮತ್ತೆ ಮೊದಲ ವರ್ಷದಿಂದ ಓದಬೇಕಿತ್ತು. ಗುಮಾಸ್ತರು ನನಗೆ ಹೇಳಿಕಳಿಸಿದರು.

"ಅದು ಸ್ಪರ್ಧೆ ಅಣ್ಣಾರ, ಚೀಟಿಯಾಗ ಬಂದ ಪಕ್ಷ. ಆಕಿ ಸ್ವಂತ ಅಭಿಪ್ರಾಯ ಅಲ್ಲ" ಎಂದೆ.

"ಇರವಲ್ದ್ಯಾಕ. ಆಕಿ ಹೇಳಿದ್ರಾಗ ಯಾವ ಮಾತು ಸುಳ್ಳು, ಒಂದು ತೋರಿಸ್ರಿ. ತೋರಿಸಿದ್ರ ಮನಿಗೆ ಹೋಗ್ತೀನಿ."

ತೋರಿಸಲು ಬಾಯಿ ತೆರೆದೆ. ಎದುರಾಳಿಗಳು ಏನೇನು ಹೇಳಬಹುದೆಂದು ಊಹಿಸಿ ಪ್ರತಿಯೊಂದಕ್ಕೂ ಉತ್ತರವನ್ನು ಅವಳಿಗೆ ನಾನೇ ಕಲಿಸಿದ್ದೆ. ಕೊಟ್ರೇಶಪ್ಪ ಅಷ್ಟನ್ನೂ ಮನಸ್ಸಿಟ್ಟು ಕೇಳಿದ್ದರು. ನಾನು ಒಂದು ಅಂದರೆ ಅವರು ಅವಳ ಮಾತನ್ನೇ ತಿರುಗಿ ಹೇಳುತ್ತಿದ್ದರು. ನನ್ನ ವಾದವನ್ನು ನಂಬಿ ಅದರಂತೆ ನಡೆಯಲು ಹೊರಟ ಮೊದಲ ಮನುಷ್ಯರ ಮುಂದೆ ನಾನು ಸೋಲುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ತಿಳಿದು ಹುಲಿಗೆಮ್ಮ ತರಗತಿಯಿಂದ ಓಡಿ ಬಂದಳು.

"ಮಾಮ, ಒಂದು ಮಾತು ಕೇಳ್ಲೇನು?"

"ಕೇಳವ್ವ. ಮೈಕ್ ಬೇಕೇನು?"

"ಬೀದಿದೀಪ ಕೆಟ್ರ ನಿನಗ ಯಾರು ಫೋನ್ ಮಾಡ್ತಾರ?"

"ಮೇಷ್ಟ್ರ ಓಣ್ಯೋರು. ಬೀದಿದೀಪ ಪಂಚಾಯ್ತೀದು, ನಂದಲ್ಲ ಅಂದ್ರೂ ಕೇಳಂಗಿಲ್ಲ. ಉಣ್ಣಾಕ ಕುಂತ್ರೂ ಬಿಡಂಗಿಲ್ಲ."

"ಕೂಲಿಯೋರ ಓಣ್ಯಾಗ?"

"ಅವರೆಲ್ಲಿ ಮಾಡ್ತಾರ? ತಿಂಗಳಾದ್ರೂ ಕತ್ತಲದಾಗ ಓಡಾಡ್ತಾರ."

"ಮೇಷ್ಟ್ರ ಓಣ್ಯೋರು ಅಲ್ಲಿಂದ ಎದ್ದು ಹೋದ್ರು ಅನ್ನು. ಅಲ್ಲಿನ ದೀಪ?"

ಕೊಟ್ರೇಶಪ್ಪ ಫೀಗೆಂದು ಕೈಯಲ್ಲಿ ಹಿಡಿದಿದ್ದ ಹಣವನ್ನು ಮಡಚಿದರು. "ಅದೂ ಕತ್ತಲಾಗತೈತಿ" ಎಂದರು.

"ನಮ್ಮ ಕ್ಲಾಸಿನ್ಯಾಗ ಫೋನ್ ಮಾಡಿ ಕೇಳೋ ಧೈರ್ಯ ಇರೋ ಮನಿ ನಮ್ದೊಂದ ಐತಿ ಮಾಮ. ನಾವು ಎದ್ದು ಹೋದ್ರ ಇಲ್ಲಿ ಕೇಳೋರು ಯಾರು? ಸ್ಪರ್ಧ್ಯಾಗ ನಾ ಹೇಳಿದ್ದು ಸುಳ್ಳಲ್ಲ. ಅರ್ಧ ಅಷ್ಟ. ಉಳಿದರ್ಧ ಹೇಳಾಕ ಚೀಟಿ ಬರಲಿಲ್ಲ."

ಗುಮಾಸ್ತರ ಕೈ ರಬ್ಬರ್ ಸ್ಟ್ಯಾಂಪಿನ ಮೇಲೇ ನಿಂತಿತ್ತು. ಕೊಟ್ರೇಶಪ್ಪ ಹಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಹೆಣ್ಮಕ್ಕಳ ಶೌಚಾಲಯದಾಗ ನೀರಿಲ್ಲ ಅಂತಿದ್ದೆಲ್ಲ, ಬಂತೇನು?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದಳು. ಅವರು ಕಿಟಕಿಯ ಕಡೆ ತಿರುಗಿದರು. "ಪ್ರಿನ್ಸಿಪಾಲ್ರ ನಂಬರ್ ಕೊಡ್ರಿ."

ಆಮೇಲೆ ಫೋನು ಶುರುವಾಯಿತು. ನೀರು ಬಂತು. ಗ್ರಂಥಾಲಯ ಸಂಜೆಯೂ ತೆರೆಯಿತು. ಅವರನ್ನು ನೋಡಿ ಇನ್ನೂ ಕೆಲವು ಪೋಷಕರು ಫೋನ್ ಮಾಡಲು ಕಲಿತರು. "ನೀವು ಕಲಿಸಿದ್ದು ಆ ಹುಡುಗಿಗೋ, ಆಕಿ ಮಾವಗೋ?" ಎಂದು ಪ್ರಾಂಶುಪಾಲರು ಈಗಲೂ ನನ್ನನ್ನು ಕಾಡುತ್ತಾರೆ.

ನಾನು ಪೂರ್ತಿ ಪಕ್ಷ ಬದಲಿಸಿದೆ ಎಂದು ಯಾರೂ ತಿಳಿಯಬೇಕಿಲ್ಲ. ಆ ಸೋಪಿನ ಮಾತಿಗೆ ಇವತ್ತಿಗೂ ನನ್ನ ಬಳಿ ಸರಿಯಾದ ಉತ್ತರವಿಲ್ಲ, ಹುಲಿಗೆಮ್ಮಳ ಬಳಿಯೂ ಇಲ್ಲ. ಆದರೆ ಇಲ್ಲದವರಿಗೆಂದೇ ಬೇರೆ ಮಾಡಿಟ್ಟ ಕಾಲೇಜು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಆ ಸೋಮವಾರಕ್ಕೆ ಮೊದಲು ನಾನು ಕೇಳಿಕೊಂಡಿರಲಿಲ್ಲ. ವಾದ ಗೆಲ್ಲುವುದು ತೀರ್ಪುಗಾರರ ಎದುರಿಗೆ. ಅದು ನಿಲ್ಲುತ್ತದೋ ಇಲ್ಲವೋ ತಿಳಿಯುವುದು ಅದನ್ನು ನಂಬಿದವರು ಮರುದಿನ ಏನು ಮಾಡುತ್ತಾರೆ ಎಂಬುದರಲ್ಲಿ. ಈ ಕೆಲಸ ನನಗೆ ಕಲಿಸಿದ್ದು ಅದು. ಈಗ ಯಾವ ಅಂಶ ಹೇಳಿಕೊಟ್ಟರೂ ಮಕ್ಕಳನ್ನು ಕೇಳುತ್ತೇನೆ: "ಇದನ್ನ ಒಬ್ಬರು ಖರೇವಂದ್ರ ನಂಬಿದ್ರ ಏನಾಗತೈತಿ?"

ಮರುವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಸ್ಪರ್ಧೆ. ಹುಲಿಗೆಮ್ಮ ಚೀಟಿ ಎತ್ತಲು ಹೋಗಿದ್ದಳು. ಮೂರನೇ ಸಾಲಿನಿಂದ ಕೊಟ್ರೇಶಪ್ಪ ಎದ್ದು ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು:

"ಸರ್, ಇವತ್ತು ಆಕಿ ಯಾವ ಕಡೀರಿ? ಮೊದಲ ಹೇಳಿಬಿಡ್ರಿ. ನಾಳಿಗೂ ರಜಾ ಹಾಕಬೇಕೋ ಬ್ಯಾಡೋ ನೋಡ್ತೀನಿ."